ಇಡೀ ನದಿ ಕಣಿವೆಗೆ ಒಂದೇ ಜಲ ಪ್ರಾಧಿಕಾರ ಬೇಕೆ?

ಪರ: ಲೆಕ್ಕ ಒಂದೇ ಕಡೆ ಇರಲಿ

ನಾಲೆ, ಬಾವಿ, ನಗರ, ಕಾರ್ಖಾನೆ ಎಂದು ಬೇರೆ ಬೇರೆ ಇಲಾಖೆಗಳು ನೋಡುವ ಕಣಿವೆಯ ನೀರನ್ನೆಲ್ಲ ಒಂದೇ ಪ್ರಾಧಿಕಾರ ನೋಡಿಕೊಳ್ಳಲಿ ಎಂಬುದು ನನ್ನ ವಾದ. ನಾಲೆಗೆ ಕಾಂಕ್ರೀಟ್ ಹೊದಿಸಿದರೆ ನೀರು ಉಳಿಯುತ್ತದೆ ಎಂದು ನೀರಾವರಿ ಎಂಜಿನಿಯರುಗಳು ಹೇಳುತ್ತಾರೆ. ನಾಲೆಯ ಮಟ್ಟಿಗೆ ಅದು ಸರಿ. ನನ್ನ ಸೋದರಮಾವನವರ ಬಾವಿ ಅಂಥದೊಂದು ನಾಲೆಯ ಕೆಳಗಿತ್ತು. ಮಣ್ಣಿನ ನಾಲೆಯಿಂದ ಬಸಿದು ಬರುತ್ತಿದ್ದ ನೀರೇ ಅದರ ಸೆಲೆ. ನಡುಬೇಸಿಗೆಯಲ್ಲೂ ಕೆಳಗಿನ ಮೆಟ್ಟಿಲುಗಳು ಮುಳುಗಿರುತ್ತಿದ್ದವು. ಕಾಂಕ್ರೀಟ್ ಬಂದ ಮೇಲೆ ಮೆಟ್ಟಿಲುಗಳೆಲ್ಲ ಬಯಲಾದವು, ಕಲ್ಲಿನ ಮೇಲೆ ಒಣಗಿದ ಪಾಚಿಯ ಕಪ್ಪು ಗೆರೆ ಉಳಿಯಿತು. ಮಾವ ದೂರು ಕೊಡಲು ಹೋದರೆ ನೀರಾವರಿಯವರು ‘ಬಾವಿ ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂದರು, ಅಂತರ್ಜಲದವರು ‘ನಾಲೆ ನಮ್ಮದಲ್ಲ’ ಎಂದರು. ಮಾವ ಸಾಲ ಮಾಡಿ ಬೋರ್‌ವೆಲ್ ಕೊರೆಸಿದರು. ಉಳಿತಾಯವೆಂದು ಒಂದು ಇಲಾಖೆ ಬರೆದುಕೊಂಡದ್ದು ಅವರ ಬಾವಿಯ ನೀರನ್ನೇ!

ಮಧ್ಯ ಏಷ್ಯಾದಲ್ಲಿ ಆದದ್ದೂ ಇದೇ. 1960ರ ದಶಕದಿಂದ ಅಮು ದರ್ಯಾ, ಸಿರ್ ದರ್ಯಾ ನದಿಗಳ ನೀರನ್ನು ಹತ್ತಿ ಹೊಲಗಳಿಗೆ ಎಗ್ಗಿಲ್ಲದೆ ತಿರುಗಿಸಿದರು. ಹತ್ತಿಯ ಲಾಭದಲ್ಲಿ ಮೀನುಗಾರರ ನಷ್ಟವನ್ನು ಯಾರೂ ಕಳೆಯಲಿಲ್ಲ. ಆ ನದಿಗಳನ್ನೇ ನಂಬಿದ್ದ ಅರಲ್ ಸಮುದ್ರ ಬಹುಪಾಲು ಬತ್ತಿತು. ಜಗತ್ತಿನಲ್ಲಿ ಬಳಕೆಗೆಂದು ಎತ್ತುವ ಸಿಹಿನೀರಿನಲ್ಲಿ ಸುಮಾರು ಶೇ 70ರಷ್ಟು ಕೃಷಿಗೆ ಹೋಗುತ್ತದೆ. ಹಾಗಿರುವಾಗ ನಗರಕ್ಕೆ, ಕಾರ್ಖಾನೆಗೆ, ವಿದ್ಯುತ್ತಿಗೆ ಪ್ರತ್ಯೇಕ ಯೋಜನೆ ಬರೆಯುವ ದೇಶ ಒಂದೇ ನೀರನ್ನು ನಾಲ್ವರಿಗೆ ಕೊಟ್ಟಿರುತ್ತದೆ. ಒಂದೇ ಪ್ರಾಧಿಕಾರವಾದರೆ ತಡವಾಗುತ್ತದೆ ಎನ್ನುವವರಿಗೆ ತಮ್ಮ ಕುರ್ಚಿಯ ಚಿಂತೆ, ಅಷ್ಟೇ.

ವಿರೋಧ: ಇರುವ ಕೆಲಸ ಮೊದಲು

ನೀರನ್ನು ಸಮಗ್ರವಾಗಿ ನೋಡುವುದು ತಪ್ಪೆಂದು ನಾನು ವಾದಿಸಲಾರೆ. ಅದಕ್ಕಾಗಿ ಹೊಸ ಪ್ರಾಧಿಕಾರ ಕಟ್ಟುವುದಕ್ಕೆ ನನ್ನ ತಕರಾರಿದೆ. ದಕ್ಷಿಣ ಆಫ್ರಿಕಾ 1998ರಲ್ಲಿ ಮೆಚ್ಚುವಂಥ ಜಲ ಕಾಯ್ದೆ ತಂದು, ಜಲಾನಯನ ನಿರ್ವಹಣೆಗೆಂದು 19 ಸಂಸ್ಥೆಗಳನ್ನು ಯೋಜಿಸಿತು. ಬಹುಕಾಲ ಸರಿಯಾಗಿ ಕೆಲಸ ಮಾಡಿದವು ಎರಡೇ. ಆಮೇಲೆ ಯೋಜನೆಯನ್ನೇ 9ಕ್ಕೆ ಇಳಿಸಬೇಕಾಯಿತು.

ಸೋರುವ ಪೈಪು, ಕೆಟ್ಟ ಮೀಟರು, ನಿಂತುಹೋದ ಕೊಳಚೆ ಶುದ್ಧೀಕರಣ ಘಟಕ ಇವುಗಳ ದುರಸ್ತಿಗೆ ಯಾವ ಮಹಾಯೋಜನೆಯೂ ಬೇಕಿಲ್ಲ. ಮೇಲಾಗಿ, ಪ್ರಾಧಿಕಾರದ ಸಭೆಗೆ ವಕೀಲರನ್ನೂ ತಜ್ಞರನ್ನೂ ಕಳುಹಿಸುವ ಶಕ್ತಿ ಇರುವುದು ದೊಡ್ಡ ಬಳಕೆದಾರರಿಗೆ. ಸಣ್ಣ ರೈತನಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಹಂಚಿಕೆ ಮುಗಿದಿರುತ್ತದೆ. ಬಾವಿ ಬತ್ತಿದ ಕಥೆ ಕೇಳಿ ನನಗೂ ಸಂಕಟವಾಯಿತು. ಆದರೆ ನಾಲೆಗೆ ಕೈಹಾಕುವ ಮುನ್ನ ಅಂತರ್ಜಲ ಇಲಾಖೆಯ ಒಪ್ಪಿಗೆ ಕಡ್ಡಾಯ ಎಂಬ ಒಂದು ನಿಯಮ ಇದ್ದಿದ್ದರೆ ಸಾಕಿತ್ತು.