ಎರಡು ಕುಬಸದ ಲೈಟು

ಊಟದ ಟೇಬಲ್ ಮೇಲೆ ರೇಷ್ಮೆಯ ತೂಗುದೀಪ ಹಾಕಿಸಿದರೆ ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಬಂದವರು ಅದನ್ನು ಕಣ್ಣಿಂದ ನೋಡುವುದಿಲ್ಲ, ಬೆರಳಿಂದ ನೋಡುತ್ತಾರೆ. ಸಾಗವಾನಿ ಕಡ್ಡಿಯ ಚೌಕಟ್ಟು, ಅದಕ್ಕೆ ಬಿಗಿದ ರೇಷ್ಮೆ, ಒಳಗೊಂದು ಹೋಲ್ಡರ್. ದೀಪವೆಂದರೆ ಇಷ್ಟೇ. ಆದರೆ ಸೀರೆ ಅಂಗಡಿಯಲ್ಲಿ ಸೆರಗು ತಿಕ್ಕಿ ಪಳಗಿದ ಬಾಜೂ ಮನಿ ಕಾಕೂನ ಕೈ ಸುಮ್ಮನಿದ್ದೀತೇ? "ಛಲೋ ಅದ ಬಿಡವಾ. ಇದರಾಗ ಎರಡು ಕುಬಸ ಆಗ್ತಿದ್ವು ನೋಡು!"

ಆ ಕೈ ಆಗತಾನೇ ಗಿರಮಿಟ್ಟಿನ ಜೊತೆ ಎರಡು ಮಿರ್ಚಿ ಮುಗಿಸಿರುತ್ತದೆ. ಹಗಲಲ್ಲಿ ಏನೂ ಕಾಣದು. ಸಂಜೆ ಸ್ವಿಚ್ ಒತ್ತಿದಾಗ ಇದೆ ಹಬ್ಬ. ಎಣ್ಣೆ ಕುಡಿದ ಬಟ್ಟೆಯಲ್ಲಿ ಬೆಳಕು ಹೆಚ್ಚು ತೂರುತ್ತದೆ, ಹಾಗಾಗಿ ಕಲೆ ಕಪ್ಪಗಿರದೆ ಝಗಝಗಿಸುತ್ತದೆ. ರೇಷನ್ ಅಂಗಡಿಯ ಮಷೀನು ನಾಲ್ಕು ಸಲ ಒತ್ತಿದರೂ ಒಪ್ಪದ ಹೆಬ್ಬೆಟ್ಟು ಇಲ್ಲಿ ಒಂದೇ ಸಲಕ್ಕೆ ಮೂಡಿ, ರೊಟ್ಟಿ ತಿನ್ನುವವರ ನೆತ್ತಿಯ ಮೇಲೆ ದಿನಾ ಬೆಳಗುತ್ತದೆ.

ಒದ್ದೆ ಬಟ್ಟೆ ಹಿಡಿದಿರೋ, ಕೆಟ್ಟಿರಿ: ನೀರು ಒಣಗಿದಲ್ಲಿ ಅಂಚು ಕಟ್ಟಿ ಇನ್ನೊಂದು ಕಲೆ. ಶೇಡ್ ಇಳಿಸಿ, ಮಲಗಿಸಿ, ಮುಖದ ಪೌಡರ್ ದಪ್ಪಗೆ ಉದುರಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೆತ್ತನೆಯ ಬ್ರಷ್ಷಿನಿಂದ ಝಾಡಿಸಿ. ಹಳೇ ಕಲೆ ಪೂರ್ತಿ ಹೋಗದು. ಆ ಮಗ್ಗಲನ್ನು ಗೋಡೆ ಕಡೆ ತಿರುಗಿಸಿ ಸುಮ್ಮನಾಗುವುದು.

ಬಲ್ಬು 7 ವ್ಯಾಟಿನ ಎಲ್‌ಇಡಿ ಸಾಕು, ಡಬ್ಬಿಯ ಮೇಲೆ 2700 ಕೆ (K) ಎಂದಿರಲಿ, ಅಂದರೆ ಬೆಚ್ಚನೆಯ ಹಳದಿ ಬೆಳಕು. 6500ರ ಬಿಳಿ ಬೆಳಕಿನಲ್ಲಿ ರೇಷ್ಮೆ ಆಸ್ಪತ್ರೆಯ ಪರದೆ. ಹಳೇ 60 ವ್ಯಾಟಿನ ಬಲ್ಬಂತೂ ಬೇಡ, ಕಾವಿಗೆ ಬಟ್ಟೆ ಕಂದುತ್ತದೆ.

ದೀಪದ ತಳ ಟೇಬಲ್ಲಿನಿಂದ 30 ಇಂಚು ಮೇಲಿರಬೇಕು. 10 ಅಡಿಯ ಸೂರು, 30 ಇಂಚಿನ ಟೇಬಲ್ಲು, ಅಡಿ ಎತ್ತರದ ದೀಪ. ಅಂದರೆ ವೈರು 4 ಅಡಿ. ಭಾರ ಹೊರಲು ಬೇರೆ ಸ್ಟೀಲ್ ತಂತಿ. ಮಿಸ್ತ್ರಿ "ತಲಿಗಿ ಬಡಿತೈತ್ರಿ" ಅಂತ 2 ಅಡಿಗೇ ಕತ್ತರಿಸುತ್ತಾನೆ. ಆಮೇಲೆ ಉಣ್ಣುತ್ತಾ ತಲೆ ಎತ್ತಿದವರಿಗೆಲ್ಲ ಬರೀ ಬಲ್ಬಿನ ದರ್ಶನ. ಟೇಬಲ್ ಮೇಲೆ ಯಾರಪ್ಪಾ ಓಡಾಡುತ್ತಾರೆ? (ಸತ್ಯನಾರಾಯಣ ಪೂಜೆಗೆ ಟೇಬಲ್ ಸರಿಸಿದ ದಿನ ಮಾತ್ರ ಮಿಸ್ತ್ರಿಯ ಮಾತೇ ಖರೆ.)

ದೀಪಾವಳಿಯ ಆಕಾಶಬುಟ್ಟಿಗೂ ಇದೇ ಕಡ್ಡಿ ಚೌಕಟ್ಟು: ಬಿದಿರು, ಬಣ್ಣದ ಹಾಳೆ, ಮೈದಾ ಅಂಟು. ಚಕ್ಕಲಿ ತಿಂದ ಕೈಯಲ್ಲೇ ಅಂಟಿಸುತ್ತಿದ್ದರು. ಕಲೆ ಅಂತ ಒಬ್ಬರೂ ಗದರುತ್ತಿರಲಿಲ್ಲ.

ಈಗ ಮಿರ್ಚಿ ಪ್ಲೇಟಿನ ಜೊತೆಗೇ ಕೈವಸ್ತ್ರ ಕೊಡುವ ಉಪಾಯ ನಡೆದಿದೆ. ಕಾಕೂ ಹತ್ತೂ ಬೆರಳು ನೀಟಾಗಿ ಒರೆಸಿಕೊಳ್ಳುತ್ತಾರೆ. ಆಮೇಲೆ ಅದೇ ಕೈವಸ್ತ್ರದಿಂದ ದೀಪವನ್ನೂ ಒರೆಸುತ್ತಾರೆ. "ಎಷ್ಟು ಧೂಳ ಕೂತದವಾ!"