ಆಕೆಯ ನಟನೆ ಬಗ್ಗೆಯೂ ಬರೆಯಿರಿ

ಚೀನಾದ ಮೂಕಿಚಿತ್ರಗಳ ನಟಿ ರುವಾನ್ ಲಿಂಗ್‌ಯು ಬಗ್ಗೆ ನಿಮ್ಮ ಲೇಖನವನ್ನು ಕನ್ನಡದಲ್ಲಿ ಓದಿ ತುಂಬಾ ಖುಷಿಯಾಯಿತು. ಆದರೆ 1935ರ ಮಾರ್ಚ್ 8ರಂದು, ಬರೀ 24ನೇ ವಯಸ್ಸಿಗೆ ಆಕೆ ಜೀವ ಕಳೆದುಕೊಂಡ ಕಥೆಯೇ ಲೇಖನದಲ್ಲಿ ಜಾಸ್ತಿ ಆಯಿತು. ಪತ್ರಿಕೆಗಳ ಗಾಳಿಮಾತು ಆಕೆಯನ್ನು ಹಿಂಡಿದ್ದು ನಿಜ. ನಟನೆಯ ಮಾತು ಎಲ್ಲಿ ಹೋಯಿತು?

ಆಕೆ ನಟಿಸಿದ 1934ರ ‘ದಿ ಗಾಡೆಸ್’ ನೋಡಿ. ಮೂಕಿಚಿತ್ರ. ಮಗನನ್ನು ಓದಿಸಲು ಮೈ ಮಾರಿಕೊಳ್ಳುವ ತಾಯಿಯ ಪಾತ್ರ. ಶಾಲೆಯ ಕಾರ್ಯಕ್ರಮದಲ್ಲಿ ಮಗ ಹಾಡುತ್ತಾನೆ, ಇವಳ ಮುಖ ಅರಳುತ್ತದೆ. ಸುತ್ತಲಿನ ಹೆಂಗಸರು ಇವಳ ಬಗ್ಗೆಯೇ ಗುಸುಗುಸು ಮಾತಾಡುತ್ತಾರೆ. ಒಂದೇ ಒಂದು ಮಾತಿಲ್ಲ, ಆದರೂ ನನಗೆ ಗಂಟಲು ಕಟ್ಟಿತು. ರುವಾನ್‌ಳ ಸ್ವಂತ ತಾಯಿಯೂ ಶಾಂಘೈನಲ್ಲಿ ಮನೆಗೆಲಸ ಮಾಡಿಯೇ ಮಗಳನ್ನು ಸಾಕಿದವರು, ಅಲ್ವಾ? ಆ ನೋವು ಸುಮ್ನೆ ಬಂದದ್ದಲ್ಲ ಅನ್ನಿಸುತ್ತದೆ.

ಮುಂದಿನ ಭಾಗದಲ್ಲಿ ಈ ಚಿತ್ರದ ಬಗ್ಗೆ ಖಂಡಿತ ಬರೆಯಿರಿ.