ಲೋಡ್ ಹೇರಿಯೇ ತೋರಿಸಿ
ಹೊಸ ಪಿಕಪ್‌ನ ಸಣ್ಣಪುಟ್ಟ ಸದ್ದು ಓಡಿಸ್ತಾ ಓಡಿಸ್ತಾ ತಾನೇ ಹೋಗುತ್ತೆ ಅಂತ ಲೇಖನದಲ್ಲಿ ಬರೆದಿದ್ದೀರಿ ಸರ್. ನನ್ನ ಅನುಭವ ಬೇರೆ. ಕಾರಟಗಿಯಿಂದ ಗಂಗಾವತಿಯ ರೈಸ್ ಮಿಲ್‌ಗಳಿಗೆ ಭತ್ತ ಹೊಡೀತೀನಿ. ಗಾಡಿ ತಂದ ಎರಡನೇ ವಾರಕ್ಕೇ, ಲೋಡ್ ಇದ್ದಾಗ ಮಾತ್ರ, ಕ್ಯಾಬಿನ್ ಕೆಳಗೆ ಗುಂಯ್ ಅನ್ನೋ ನಡುಕ. ಸರ್ವಿಸ್‌ನವರು ಮೂರು ಸಲವೂ ಖಾಲಿ ಗಾಡಿ ಓಡಿಸಿ ‘ಏನೂ ಇಲ್ಲ’ ಅಂತ ಕಳಿಸಿದರು. ನಾಲ್ಕನೇ ಸಲ ಚೀಲ ಹೇರಿಕೊಂಡೇ ಹೋಗಿ ಮೆಕ್ಯಾನಿಕ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಎಂಜಿನ್ ಶಕ್ತಿಯನ್ನು ಹಿಂದಿನ ಗಾಲಿಗೆ ಒಯ್ಯೋ ಪ್ರೊಪೆಲ್ಲರ್ ಶಾಫ್ಟಿನ ಸೆಂಟರ್ ಬೇರಿಂಗ್ ಹೋಗಿತ್ತು, ವಾರಂಟಿಯಲ್ಲೇ ಬದಲಾಯಿತು. ಪ್ರತಿ ದೂರನ್ನೂ ಕಿಲೋಮೀಟರ್ ಸಮೇತ ಜಾಬ್ ಕಾರ್ಡಿನಲ್ಲಿ (ಸರ್ವಿಸ್‌ನವರು ದೂರು ಬರೆದುಕೊಳ್ಳೋ ಚೀಟಿ) ಬರೆಸಿ, ಅದರ ಫೋಟೋ ಇಟ್ಟುಕೊಳ್ಳಿ. ಸರ್ವಿಸ್‌ನವರು ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಆದರೆ ಬಿಎಸ್6 (ಈಗಿನ ಹೊಗೆ ನಿಯಮದ) ಡೀಸೆಲ್ ಗಾಡಿಯಲ್ಲಿ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯೋ ಫಿಲ್ಟರ್‌ನ ದೀಪ ಹತ್ತಿದರೆ ಗಾಬರಿ ಬೇಡ. ಊರೊಳಗೇ ಓಡಿಸಿ ಮಸಿ ಕಟ್ಟಿರುತ್ತೆ, ಹೈವೇಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ದೂರ ಓಡಿಸಿದರೆ ಸಾಮಾನ್ಯವಾಗಿ ಆ ಮಸಿ ಸುಟ್ಟುಹೋಗುತ್ತೆ.